ಮೂರು ಗುಡ್ಡೆ ಚೀಟಿ

ಹೊಳೆ ದಂಡೆಯ ಆಶ್ರಮದಲ್ಲಿ ಹೋದ ವರ್ಷ ಘೋರ ದುರಂತವೊಂದು ಸಂಭವಿಸಿತು. ಸತ್ತವರ ಹಬ್ಬದ ಬೆಳಿಗ್ಗೆ ಉಪ್ಪಿಟ್ಟು ಆರಿಹೋಯಿತು.

ಕಾರಣ ಎಲ್ಲರಿಗೂ ಗೊತ್ತಿತ್ತು. ಆ ಹಬ್ಬಕ್ಕೆ ಸುತ್ತಲಿನ ಊರುಗಳ ಕ್ರೈಸ್ತರು ತಮ್ಮ ಮನೆಯಲ್ಲಿ ತೀರಿಹೋದವರ ಹೆಸರನ್ನು ಚೀಟಿಯಲ್ಲಿ ಬರೆದು ಆಶ್ರಮದ ಪೆಟ್ಟಿಗೆಗೆ ಹಾಕುತ್ತಾರೆ. ಪೂಜೆಯಲ್ಲಿ ಒಂದೊಂದನ್ನೂ ಓದಿ ಪ್ರಾರ್ಥಿಸಬೇಕು; ಅಷ್ಟೂ ಮುಗಿದ ಮೇಲೇ ತಿಂಡಿ.

ಅಡುಗೆಯ ಲೂರ್ದಮ್ಮ ಅಂದೇ ಹೇಳಿದ್ದಳು: "ಸತ್ತವರು ಕಾಯ್ತಾರೆ. ಉಪ್ಪಿಟ್ಟು ಕಾಯಲ್ಲ."

ಈ ವರ್ಷ ಓದುವ ಕೆಲಸ ಶಿಷ್ಯ ಇನ್ನಾಸಪ್ಪನಿಗೆ ಬಿತ್ತು. ಅವನು ಅದೇ ಸೀಮೆಯವನು, ಸಾಲದ್ದಕ್ಕೆ ದೇವಶಾಸ್ತ್ರ ಓದಿದವನು. ಹಬ್ಬದ ಹಿಂದಿನ ಮಧ್ಯಾಹ್ನ ಚೀಟಿಗಳನ್ನೆಲ್ಲ ಜಗಲಿಯ ಮೇಲೆ ಸುರಿದು ಮೂರು ಗುಡ್ಡೆ ಮಾಡಿದ.

ಗುರು ಚೌರಪ್ಪ ಸ್ವಾಮಿ ಬಂದು ನಿಂತರು.

"ಇದೇನಪ್ಪ?"

"ಈ ಗುಡ್ಡೆ ಸ್ವರ್ಗ ಸೇರಿದವರದು, ಸ್ವಾಮಿ. ಅವರಿಗೆ ನಮ್ಮ ಪ್ರಾರ್ಥನೆ ಬೇಕಿಲ್ಲ. ಆ ಗುಡ್ಡೆ ನರಕದವರದು. ಅವರಿಗೆ ಪ್ರಾರ್ಥನೆ ತಾಗುವುದಿಲ್ಲ. ನಡುವಿನವರು ಇನ್ನೂ ದಾರಿಯಲ್ಲಿದ್ದಾರೆ. ಅವರನ್ನಷ್ಟೇ ಓದಿದರೆ ಹತ್ತು ನಿಮಿಷ ಸಾಕು."

ಸ್ವಾಮಿ ನರಕದ ಗುಡ್ಡೆಯಿಂದ ಒಂದು ಚೀಟಿ ಎತ್ತಿಕೊಂಡರು.

"ಅಂತೋಣಪ್ಪ. ಇವನೇನು ಮಾಡಿದ್ದ?"

"ಎರಡು ಸಂಸಾರ, ಸ್ವಾಮಿ. ಇಬ್ಬರು ಹೆಂಡಿರಿಗೂ ಬಡಿಯುತ್ತಿದ್ದ."

"ಚೀಟಿ ಹಾಕಿದವರು ಯಾರು?"

ಇನ್ನಾಸಪ್ಪ ಚೀಟಿ ತಿರುಗಿಸಿ ನೋಡಿದ. "ಇಬ್ಬರೂ ಸೇರಿ ಹಾಕಿದ್ದಾರೆ."

ಸ್ವಾಮಿ ಚೀಟಿಯನ್ನು ಕೆಳಗಿಟ್ಟು ಮೂರೂ ಗುಡ್ಡೆ ಕೆದಕಿ ನೋಡಿದರು. "ಸಿಲುವೆಪ್ಪನ ಹೆಸರು ಕಾಣಲಿಲ್ಲ."

ಸಿಲುವೆಪ್ಪ ಇನ್ನಾಸಪ್ಪನ ಅಪ್ಪ. ಹನ್ನೆರಡು ವರ್ಷ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಕೊನೆಗಾಲದಲ್ಲಿ ಪಾಪನಿವೇದನೆ ಕೇಳಲು ಬಂದ ಪಾದ್ರಿಗೆ ಚಪ್ಪಲಿ ಎಸೆದು, ಮರುದಿನ ತೀರಿಕೊಂಡಿದ್ದ.

ಇನ್ನಾಸಪ್ಪ ಜೇಬು ಮುಟ್ಟಿಕೊಂಡ. "ಇಲ್ಲಿದೆ, ಸ್ವಾಮಿ. ಎಂಟು ದಿನದಿಂದ ಇಲ್ಲೇ ಇದೆ."

"ಯಾವ ಗುಡ್ಡೆಗೂ ಯಾಕೆ ಹಾಕಲಿಲ್ಲ?"

"ಎಲ್ಲಿಗೆ ಹಾಕಬೇಕು ಅಂತ ಗೊತ್ತಾಗಲಿಲ್ಲ."

"ಉಳಿದವರದು ಗೊತ್ತಾಯಿತಾ?"

ಇನ್ನಾಸಪ್ಪನಿಗೆ ಓದಿದ್ದೆಲ್ಲ ಕಲಸಿಹೋಯಿತು. "ಹಾಗಾದರೆ ಕೊನೆಗೆ ದೇವರು ಎಲ್ಲರನ್ನೂ ಉಳಿಸಿಕೊಳ್ಳುತ್ತಾನೆ ಅನ್ನುತ್ತೀರಾ?"

"ಹಾಗಂತ ನಾನು ಹೇಳಲಿಲ್ಲ."

"ನರಕ ಇದೆಯಾ?"

"ಇದೆ."

"ಅಲ್ಲಿ ಜನ ಇದ್ದಾರಾ?"

"ಎಣಿಸಿ ಬಾ ಅಂತ ನನ್ನನ್ನು ಯಾರೂ ಕಳಿಸಿಲ್ಲ."

"ಎಲ್ಲರೂ ಉಳಿಯುವುದೇ ಆದರೆ ಪ್ರಾರ್ಥನೆ ಯಾಕೆ, ಸ್ವಾಮಿ? ನರಕಕ್ಕೆ ಹೋದವರು ಈಚೆ ಬರುವುದೇ ಇಲ್ಲ ಅಂದರೆ, ಅವರಿಗೆ ಪ್ರಾರ್ಥನೆ ಯಾಕೆ?"

ಸ್ವಾಮಿ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮೂರು ಗುಡ್ಡೆಗಳನ್ನೂ ಎರಡೂ ಕೈಯಿಂದ ಎಳೆದುಕೊಂಡು, ಚಿತ್ರಾನ್ನ ಕಲೆಸುವ ಹಾಗೆ ಕಲೆಸಿದರು. ಆಮೇಲೆ ಶಿಷ್ಯನ ಕಡೆಗೆ ಕೈ ಚಾಚಿದರು.

ಇನ್ನಾಸಪ್ಪ ಜೇಬಿನ ಚೀಟಿ ಕೊಟ್ಟ. ಅದೂ ಉಳಿದವರ ಜೊತೆ ಸೇರಿಹೋಯಿತು.

ಮರುದಿನ ಪೂಜೆಯಲ್ಲಿ ಇನ್ನಾಸಪ್ಪ ಓದಿದ. ಅಂತೋಣಪ್ಪನನ್ನೂ ಓದಿದ. ನೂರು ದಾಟಿದ ಮೇಲೆ ಎಲ್ಲೋ ಅಪ್ಪನ ಚೀಟಿ ಕೈಗೆ ಬಂತು. ದನಿ ಉಡುಗಿತು. ತುಟಿ ಮಾತ್ರ ಅಲ್ಲಾಡಿತು.

ಪೀಠದ ಬಳಿಯಿಂದ ಸ್ವಾಮಿ ಹೇಳಿದರು:

"ಗಟ್ಟಿಯಾಗಿ ಓದಪ್ಪ. ದೂರ ಇರುವವರಿಗೂ ಕೇಳಿಸಬೇಕು."

ಈ ವರ್ಷವೂ ಉಪ್ಪಿಟ್ಟು ಆರಿತು.