ಕಲ್ಲಿನಾಥ ಹಾಕಿದ ಸಹಿ

ಸಂಸ್ಥಾನದ ಆಡಳಿತ ಇನ್ನೂ ಇದ್ದ ಕಾಲ. ಹೊಳೆ ದಾಟುವ ಕಡವಿನ ಪಕ್ಕದಲ್ಲಿ ನಿರ್ವಾಣಯ್ಯ ಎಂಬ ಗುರುಗಳ ಆಶ್ರಮವಿತ್ತು. ಆಶ್ರಮವೆಂದರೆ ನಾಲ್ಕು ಕೋಣೆ, ಒಂದು ಜಗಲಿ, ನೀರಿಗೆ ಇಳಿಯುವ ಮೆಟ್ಟಿಲು, ಅಷ್ಟೇ.

ಅಲ್ಲಿ ಕಲ್ಲಿನಾಥ ಎಂಬ ಶಿಷ್ಯನಿದ್ದ. ಮೂವತ್ತು ವರ್ಷದವನು. ಏಳು ವರ್ಷದಿಂದ ಗುರುಗಳ ಬಳಿ ಓದುತ್ತಿದ್ದ. ಮಾತು ಕಡಿಮೆ, ನಡತೆ ಶುದ್ಧ. ಅವನು ಹೇಳಿದನೆಂದರೆ ಊರವರು ಎರಡನೆಯ ಸಲ ಕೇಳುತ್ತಿರಲಿಲ್ಲ.

ಒಂದು ಮುಂಜಾನೆ ಸ್ನಾನಕ್ಕೆ ಇಳಿದವನು ಬಿಸಿಲೇರಿದ ಮೇಲೆ ಹತ್ತಿ ಬಂದ.

"ತಡವಾಯಿತು," ಎಂದರು ಗುರುಗಳು.

"ಕಡವಿನಲ್ಲಿ ಹೆಣ ಬಿದ್ದಿತ್ತು. ಅಂಬಿಗರ ದುರುಗಪ್ಪನದು. ಠಾಣೆಯ ಫೌಜದಾರರು ಮಹಜರು ಬರೆಸುತ್ತಿದ್ದರು. ಸಾಕ್ಷಿಗೆ ಒಬ್ಬರು ಬೇಕು ಎಂದರು. ಸಹಿ ಹಾಕಿ ಬಂದೆ."

"ಹೇಗೆ ಸತ್ತನಂತೆ?"

"ಹರಿಗೋಲು ಮಗುಚಿ, ನೀರು ಕುಡಿದು ಸತ್ತ ಎಂದು ಬರೆದಿದ್ದಾರೆ."

"ಅವರು ಬರೆದದ್ದು ಹಾಗಿರಲಿ. ನೀನು ನೋಡಿದ್ದೇನು?"

ಕಲ್ಲಿನಾಥ ಒದ್ದೆ ಪಂಚೆಯ ಅಂಚು ಹಿಂಡುತ್ತ ನಿಂತ.

"ಅಂಗಾಲು ಬಾತುಕೊಂಡಿತ್ತು. ಬೆನ್ನ ಮೇಲೆ ಬೆತ್ತದ ಬರೆ. ಉಟ್ಟ ಬಟ್ಟೆ ಒಂದಿಷ್ಟೂ ನೆನೆದಿರಲಿಲ್ಲ."

"ಮಹಜರಿನಲ್ಲಿ?"

"ಮೈಮೇಲೆ ಗಾಯಗಳಿಲ್ಲ ಎಂದಿದೆ."

"ಓದಿ ಸಹಿ ಹಾಕಿದೆಯೋ, ಓದದೆಯೋ?"

"ಓದಿಯೇ ಹಾಕಿದೆ."

ಗುರುಗಳು ಅವನ ಬಲಗೈಯನ್ನೇ ನೋಡಿದರು. ಕಲ್ಲಿನಾಥ ಅದನ್ನು ಪಂಚೆಯ ಮರೆಗೆ ಸರಿಸಿದ.

"ನಾವು ಲೋಕ ಬಿಟ್ಟವರು, ಗುರುಗಳೇ. ಅದು ಸರ್ಕಾರದವರ ವ್ಯವಹಾರ. ಬೇಡ ಎಂದಿದ್ದರೆ ಆಶ್ರಮಕ್ಕೆ ತೊಂದರೆಯಾಗುತ್ತಿತ್ತು. ಎಲ್ಲದಕ್ಕೂ ಸಾಕ್ಷಿಯಾಗಿರು, ಯಾವುದಕ್ಕೂ ಅಂಟಿಕೊಳ್ಳಬೇಡ ಎಂದು ನೀವೇ ಹೇಳಿಕೊಟ್ಟಿದ್ದೀರಿ."

"ಸಾಕ್ಷಿಯಾಗಿರು ಎಂದಿದ್ದೆ," ಎಂದರು ಗುರುಗಳು. "ಸುಳ್ಳು ಸಾಕ್ಷಿ ಎಂದಿರಲಿಲ್ಲ."

ಅಂದು ಪಾಠ ನಡೆಯಲಿಲ್ಲ. ಮರುದಿನವೂ ನಡೆಯಲಿಲ್ಲ.

ದುರುಗಪ್ಪನ ತಪ್ಪೇನೆಂದು ಊರಿಗೆಲ್ಲ ಗೊತ್ತಿತ್ತು. ಹೊಳೆ ತುಂಬಿ ಹರಿಯುತ್ತಿದ್ದ ದಿನ ಫೌಜದಾರರು ನೆಂಟರ ಮದುವೆಗೆ ಆಚೆ ದಂಡೆಗೆ ಹೋಗಬೇಕೆಂದರು. ಇವತ್ತು ಹರಿಗೋಲು ಬಿಡೋದಿಲ್ಲ, ಜನ ಸಾಯುತ್ತಾರೆ ಎಂದ ದುರುಗಪ್ಪ. ಹತ್ತು ಜನರ ಮುಂದೆ ಹಾಗೆಂದ. ಅದೇ ತಪ್ಪು. ಅವನನ್ನು ಠಾಣೆಗೆ ನಡೆಸಿಕೊಂಡು ಹೋದದ್ದನ್ನು ನೋಡಿದವರಿದ್ದರು. ಅವನು ನಡೆದುಕೊಂಡು ಹೊರಬಂದದ್ದನ್ನು ನೋಡಿದವರಿರಲಿಲ್ಲ.

ಐದನೆಯ ದಿನ ಅವನ ಹೆಂಡತಿ ಹುಲಿಗೆವ್ವ ಆಶ್ರಮಕ್ಕೆ ಬಂದಳು. ಜಗಲಿ ಹತ್ತಲಿಲ್ಲ. ಕೈಯಲ್ಲಿ ಮಡಿಸಿದ ಕಾಗದ, ಮಹಜರಿನ ನಕಲು. ಅದನ್ನು ಕಲ್ಲಿನಾಥನ ಮುಂದೆ ಹಿಡಿದಳು.

"ಇದರಾಗ ನಿಮ್ಮ ಹೆಸರು ಐತಂತ್ರಿ, ಅಪ್ಪಾರ. ನನಗ ಓದಾಕ ಬರಂಗಿಲ್ಲ. ಏನ ಬರದೀರಿ, ಓದಿ ಹೇಳ್ರಿ."

ಕಲ್ಲಿನಾಥ ಗುರುಗಳ ಕಡೆ ನೋಡಿದ. ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು.

ಅವನು ಓದತೊಡಗಿದ. ತಾರೀಖು, ಜಾಗ, ಮೃತನ ಹೆಸರು. "ಮೈಮೇಲೆ ಗಾಯಗಳಿಲ್ಲ" ಎಂಬುದನ್ನೂ ಓದಿದ.

"ಹೂಳೂ ಮುಂಚೆ ಅವನ ಕಾಲು ನಾನಽ ತೊಳದೀನ್ರಿ," ಎಂದಳು ಹುಲಿಗೆವ್ವ. "ನೀವು ನೋಡಿದ್ದು ಬ್ಯಾರೆ ಯಾರನ್ನರ ಏನ್ರಿ?"

"ಅಲ್ಲ ತಾಯಿ. ಅವನನ್ನೇ."

ಅವಳು ಕಾಗದ ಇಸಿದುಕೊಂಡಳು. ಬೈಯಲಿಲ್ಲ. ಬಂದ ದಾರಿಯಲ್ಲೇ ಹೊರಟುಹೋದಳು.

ಕಲ್ಲಿನಾಥ ಗುರುಗಳ ಮುಂದೆ ಕುಸಿದು ಕುಳಿತ.

"ಪ್ರಾಯಶ್ಚಿತ್ತ ಹೇಳಿ. ನಲವತ್ತು ದಿನ ಉಪವಾಸ ಇರುತ್ತೇನೆ."

"ನೀನು ಉಪವಾಸವಿದ್ದರೆ ಆ ಕಾಗದದಲ್ಲಿ ಒಂದಕ್ಷರ ಬದಲಾಗುತ್ತದೆಯೇ?"

"ಇಲ್ಲ."

"ಹಾಗಾದರೆ ಊಟ ಮಾಡು. ಕೋರ್ಟು ಆರು ಹರದಾರಿ ದೂರ. ನಡೆಯಬೇಕು."

"ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡರೆ ನನಗೂ ಶಿಕ್ಷೆಯಾಗುತ್ತದೆ."

"ಆಗುತ್ತದೆ," ಎಂದು ಗುರುಗಳು ತಾವೇ ಎಲೆ ಹಾಕಿದರು.

ಕಲ್ಲಿನಾಥ ಕೋರ್ಟಿಗೆ ಹೋಗಿ ಅರ್ಜಿ ಕೊಟ್ಟ. ತಾನು ಕಂಡದ್ದೇನು, ಸಹಿ ಹಾಕಿದ್ದೇನು, ಎರಡನ್ನೂ ಬರೆದ.

ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತ್ತು. ಮೂರನೆಯ ದಿನ ಫೌಜದಾರರು ಆಶ್ರಮಕ್ಕೆ ಬಂದರು. ಕೊಟ್ಟ ಮಜ್ಜಿಗೆ ಕುಡಿದರು. ಮಾತು ಮೆತ್ತಗಿತ್ತು.

"ಗುರುಗಳೇ, ಈ ಜಾಗ ಸರ್ಕಾರದ್ದು. ನಿಮಗೆ ಗೊತ್ತೇ ಇದೆ."

"ಯಾವತ್ತು ಬಿಡಬೇಕು, ಹೇಳಿ."

"ಛೇ, ನಾನು ಹಾಗೆಂದೆನೇ?"

"ಇಲ್ಲ. ಮತ್ತೇನು ಹೇಳಲು ಬಂದಿರಿ?"

ಫೌಜದಾರರು ಲೋಟ ಕೆಳಗಿಟ್ಟರು. "ನಿಮ್ಮ ಶಿಷ್ಯನಿಗೆ ಬುದ್ಧಿ ಹೇಳಿ."

"ಹೇಳಿದೆ. ಅದಕ್ಕೇ ಕೋರ್ಟಿಗೆ ಹೋಗಿದ್ದ."

ಜಾಗ ಬಿಡಬೇಕೆಂಬ ನೋಟೀಸು ಆ ತಿಂಗಳೇ ಬಂತು. ಗುರುಗಳು ಓದಿ ಸಹಿ ಹಾಕಿಕೊಟ್ಟರು. ಆಚೆ ದಂಡೆಯ ಹುಣಸೆತೋಪಿನಲ್ಲಿ ಇಬ್ಬರೂ ಸೇರಿ ಎರಡು ಗುಡಿಸಲು ಕಟ್ಟಿಕೊಂಡರು.

ಕೋರ್ಟಿನ ನ್ಯಾಯಾಧೀಶರು ಅಚ್ಯುತರಾಯರು. ಅವರೂ ನಿರ್ವಾಣಯ್ಯನವರ ಶಿಷ್ಯರೇ. ಸೋಮವಾರಕ್ಕೊಮ್ಮೆ ಬಂದು ಗುರುಗಳ ಪಾದ ಮುಟ್ಟಿ ಹೋಗುತ್ತಿದ್ದವರು. ಹುಣಸೆತೋಪಿಗೂ ಬಂದರು. ಬಗ್ಗಿದರು.

ಗುರುಗಳು ಪಾದ ಹಿಂದಕ್ಕೆ ಎಳೆದುಕೊಂಡರು.

"ನಿಮ್ಮ ಕೋರ್ಟಿನಲ್ಲಿ ಇವನ ಅರ್ಜಿ ಇದೆ. ತೀರ್ಮಾನವಾಗುವ ತನಕ ನಮಸ್ಕಾರ ಬೇಡ."

ರಾಯರ ಮುಖ ಸಣ್ಣಗಾಯಿತು. "ಅದರ ವಿಷಯ ಹೇಳಲಿಕ್ಕೇ ಬಂದೆ. ಅರ್ಜಿಯನ್ನು ತೆಗೆದುಹಾಕಿದ್ದೇನೆ. ಅರ್ಜಿದಾರ ವ್ರತ ಉಪವಾಸಗಳಿಂದ ಬಳಲಿದವನು, ಅವನ ನೆನಪನ್ನು ನಂಬುವಂತಿಲ್ಲ ಎಂದು ಬರೆದೆ. ಕಲ್ಲಿನಾಥನಿಗೆ ಇನ್ನು ತೊಂದರೆಯಿಲ್ಲ."

ಕಲ್ಲಿನಾಥ ತಲೆಯೆತ್ತಿದ. "ರಾಯರೇ, ಸಹಿ ಹಾಕಿದ ದಿನ ನನ್ನ ನೆನಪು ಸರಿಯಿತ್ತು, ನಿಜ ಹೇಳಿದ ದಿನ ಕೆಟ್ಟಿತು, ಹಾಗೆಯೇ?"

ರಾಯರು ಗುರುಗಳಿಗೆ ಹೇಳಿದರು. "ನಿಮ್ಮ ಮೇಲಿನ ಭಕ್ತಿಯಿಂದ ಮಾಡಿದೆ."

"ನನ್ನ ಮೇಲಿನ ಭಕ್ತಿಗೆ ಹುಲಿಗೆವ್ವ ಯಾಕೆ ಬೆಲೆ ತೆರಬೇಕು?" ಎಂದರು ಗುರುಗಳು.

ರಾಯರು ಗಾಡಿ ಹತ್ತಿದರು. ಆಮೇಲೆ ಬರುವುದನ್ನು ಬಿಟ್ಟರು.

ಇನ್ನುಳಿದದ್ದು ರಾಜಧಾನಿಯ ಮೇಲಿನ ಕೋರ್ಟು. ಹನ್ನೊಂದು ದಿನದ ನಡಿಗೆ. ಗುರುಗಳು, ಕಲ್ಲಿನಾಥ, ಹುಲಿಗೆವ್ವ, ಮೂವರೂ ಹೊರಟರು. ಹುಲಿಗೆವ್ವ ದಾರಿಯಲ್ಲಿ ರೊಟ್ಟಿ ಬಡಿದು ಗುರುಗಳಿಗೆ ಕೊಡುತ್ತಿದ್ದಳು, ಕಲ್ಲಿನಾಥನಿಗೂ ಕೊಡುತ್ತಿದ್ದಳು. ಕಲ್ಲಿನಾಥನ ಜೊತೆ ಮಾತಾಡುತ್ತಿರಲಿಲ್ಲ.

ಮೊದಲ ಸಲ, ಕಾಗದ ಸರಿಯಿಲ್ಲ ಎಂದು ಗುಮಾಸ್ತರು ತಿರುಗಿ ಕಳಿಸಿದರು. ಎರಡನೆಯ ಸಲ ಹೋದಾಗ, ನ್ಯಾಯಮೂರ್ತಿಗಳು ರಜೆಯಲ್ಲಿದ್ದರು.

ಆ ಸಲ ಹಿಂದಿರುಗುವಾಗ ಕಲ್ಲಿನಾಥ ದಾರಿಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟ. ಕಾಲು ಒಡೆದು ರಕ್ತ ಬರುತ್ತಿತ್ತು.

"ಸರ್ಕಾರದವರು ಸರ್ಕಾರದವರನ್ನೇ ಶಿಕ್ಷಿಸುತ್ತಾರೆಯೇ, ಗುರುಗಳೇ?"

"ಗೊತ್ತಿಲ್ಲ."

"ಮತ್ತೆ ಯಾಕೆ ಹೋಗುತ್ತಿದ್ದೇವೆ?"

"ನಮಗೆ ಯಾರೂ ಹೇಳಲಿಲ್ಲ ಎಂದು ನಾಳೆ ಅವರು ಅನ್ನಬಾರದಲ್ಲ, ಅದಕ್ಕೆ."

ಊರು ಮುಟ್ಟಿದ ವಾರಕ್ಕೆ ಒಬ್ಬ ಪೇದೆ ಹುಣಸೆತೋಪಿಗೆ ಬಂದ. ಹೆಸರು ಇಮಾಮಸಾಬ. ಇಪ್ಪತ್ತು ವರ್ಷ ಠಾಣೆಯಲ್ಲಿ ದುಡಿದವನು. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

"ಸುಳ್ಳು ಮಹಜರಿಗೆ ಸಹಿ ಹಾಕಿದೆ ಅಂತ ನೀವೇ ಒಪ್ಪಿಕೊಂಡಿರಂತೆ," ಎಂದ ಕಲ್ಲಿನಾಥನಿಗೆ. "ಏನು ಮಾಡಿದರು ನಿಮಗೆ?"

"ಇನ್ನೂ ಏನೂ ಮಾಡಿಲ್ಲ. ಮಾಡಬಹುದು."

ಇಮಾಮಸಾಬ ರುಮಾಲನ್ನು ಮಡಿಲಲ್ಲಿಟ್ಟು ಕುಳಿತ. ಆಮೇಲೆ ಹೇಳಿದ.

"ಫೌಜದಾರರು ಹೊಡೆಯುವಾಗ ಅವನ ಕಾಲು ಹಿಡಿದಿದ್ದವನು ನಾನು."

ಕಲ್ಲಿನಾಥ ಗುರುಗಳತ್ತ ತಿರುಗಿದ.

"ನಿನಗೆ ಏನು ಗೊತ್ತಿದೆಯೋ ಅದನ್ನೇ ಹೇಳು," ಎಂದರು ಗುರುಗಳು. "ಸಮಾಧಾನ ಬೇಡ. ದಾರಿ ಹೇಳು."

"ಹುಣ್ಣಿಮೆ ಕಳೆದ ಮರುದಿನ ಹೊರಡುತ್ತೇವೆ," ಎಂದ ಕಲ್ಲಿನಾಥ. "ಹನ್ನೊಂದು ದಿನ ನಡೆಯಬೇಕು. ಚಪ್ಪಲಿ ಗಟ್ಟಿಯದು ಇರಲಿ."

ಮೂರನೆಯ ಸಲ ನಾಲ್ವರು ಹೊರಟರು. ಇಮಾಮಸಾಬ ನೂರು ಹೆಜ್ಜೆ ಹಿಂದೆ ನಡೆಯುತ್ತಿದ್ದ. ತನ್ನ ಅಡುಗೆ ತಾನೇ ಬೇಯಿಸಿಕೊಳ್ಳುತ್ತಿದ್ದ. ಹುಲಿಗೆವ್ವ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವಳು ತನ್ನನ್ನು ನೋಡಲಿ ಎಂದು ಅವನೂ ಬಯಸಲಿಲ್ಲ.

ಈ ಸಲ ಬಾಗಿಲು ತೆರೆಯಿತು. ಪೇದೆಯ ಮಾತು ಕೇಳಿದರು. ದುರುಗಪ್ಪನನ್ನು ಹೂತ ಜಾಗ ಅಗೆಸಿದರು. ಮುರಿದ ಮೂಳೆಗಳು ಸಿಕ್ಕವು. ಠಾಣೆಯ ದಾಖಲೆ ತರಿಸಿದರು. ಅವನು ಹೊಳೆಯಲ್ಲಿ ಮುಳುಗಿದನೆಂದು ಹೇಳಿದ ಹೊತ್ತಿನಲ್ಲಿ ಠಾಣೆಯ ಕೋಣೆಯಲ್ಲಿದ್ದನೆಂದು ಫೌಜದಾರರ ಕೈಬರಹದಲ್ಲೇ ಇತ್ತು. ಅದನ್ನು ಅಳಿಸಬೇಕೆಂದು ಅವರಿಗೆ ಅನ್ನಿಸಿರಲಿಲ್ಲ. ಯಾರೂ ತೆರೆದು ನೋಡುತ್ತಾರೆಂದು ಎಣಿಸಿರಲಿಲ್ಲ.

ಅಚ್ಯುತರಾಯರನ್ನೂ ಕರೆಸಿದರು. ನ್ಯಾಯಮೂರ್ತಿಗಳು ಒಂದೇ ಪ್ರಶ್ನೆ ಕೇಳಿದರು. "ಅರ್ಜಿ ನಿಮ್ಮ ಮೇಜಿನ ಮೇಲಿತ್ತು, ಹೆಣ ಇನ್ನೂ ನೆಲದಲ್ಲಿತ್ತು. ನೀವು ಯಾಕೆ ಅಗೆಸಲಿಲ್ಲ?"

ರಾಯರು ಕಲ್ಲಿನಾಥನ ಹೆಸರು ಹೇಳಲು ಹೋದರು. ಆಶ್ರಮದ ಹೆಸರು ಹೇಳಲು ಹೋದರು. ಎರಡನ್ನೂ ಅರ್ಧಕ್ಕೆ ಬಿಟ್ಟರು.

ಫೌಜದಾರರಿಗೆ ಏಳು ವರ್ಷ ಕಠಿಣ ಸಜೆಯಾಯಿತು. ರಾಯರನ್ನು ನ್ಯಾಯಪೀಠದಿಂದ ತೆಗೆದರು. ಇಮಾಮಸಾಬನಿಗೆ ಒಂದು ವರ್ಷ. ಸುಳ್ಳು ಮಹಜರಿಗೆ ಸಹಿ ಹಾಕಿದ್ದಕ್ಕೆ ಕಲ್ಲಿನಾಥನಿಗೆ ಮೂರು ತಿಂಗಳು.

ಪೇದೆಗಳು ಅವನನ್ನು ಕರೆದೊಯ್ಯುವಾಗ ಹುಲಿಗೆವ್ವ ಕೋರ್ಟಿನ ಅಂಗಳದಲ್ಲಿ ನಿಂತಿದ್ದಳು. ಕಲ್ಲಿನಾಥ ಅವಳ ಮುಂದೆ ನಿಂತ. ಏನಾದರೂ ಹೇಳಿಯಾಳು ಎಂದು ಕಾದ. ಕ್ಷಮಿಸಿದೆ ಎಂದಾಳು ಎಂಬ ಆಸೆ ಮನಸ್ಸಿನಲ್ಲಿ ಇತ್ತು. ಅದನ್ನು ಅವನು ತನಗೇ ಒಪ್ಪಿಕೊಂಡಿರಲಿಲ್ಲ.

"ಮೂರು ತಿಂಗಳು ಕಡಿಮಿ ಆತ್ರಿ, ಅಪ್ಪಾರ," ಎಂದಳು ಅವಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೌದು ತಾಯಿ," ಎಂದ.

ಸೆರೆಮನೆಯಲ್ಲಿ ಅವನಿಗೆ ರಾಗಿ ಬೀಸುವ ಕೆಲಸ. ಬೀಸುತ್ತ ಬೀಸುತ್ತ, ಏಳು ವರ್ಷದಲ್ಲಿ ಕಲಿತ ಶ್ಲೋಕಗಳನ್ನು ಹೇಳಿಕೊಳ್ಳಲು ನೋಡಿದ. ಒಂದೂ ಪೂರ್ತಿ ಬರಲಿಲ್ಲ. ಪಕ್ಕದ ಕೈದಿಗಳು ತಮ್ಮ ಮೇಲಿನ ಮೊಕದ್ದಮೆಗಳ ಬಗ್ಗೆ ಮಾತಾಡುತ್ತಿದ್ದರು. ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು, ಯಾರು ಸಾಕ್ಷಿ ಹೇಳಿದರು ಎಂದು. ಅವನು ಶ್ಲೋಕ ಬಿಟ್ಟು ಅದನ್ನು ಕೇಳತೊಡಗಿದ.

ಬಿಡುಗಡೆಯಾಗಿ ಹುಣಸೆತೋಪಿಗೆ ಬಂದಾಗ ಗುರುಗಳು ಗುಡಿಸಲಿಗೆ ಹುಲ್ಲು ಹೊದಿಸುತ್ತಿದ್ದರು. ಕಲ್ಲಿನಾಥನೂ ಕೈಹಾಕಿದ. ಮರುದಿನ ಬೆಳಿಗ್ಗೆ ಪಾಠ ಶುರುವಾಯಿತು.

ಎಂಟು ದಿನಕ್ಕೆ ಊರಿಗೆ ಹೊಸ ಫೌಜದಾರರು ಬಂದರು. ಅಧಿಕಾರ ವಹಿಸಿಕೊಂಡ ದಿನವೇ ಹುಣಸೆತೋಪಿಗೆ ಬಂದರು. ಬೂಟು ದೂರದಲ್ಲೇ ಬಿಟ್ಟರು. ಬಾಳೆಹಣ್ಣಿನ ಚಿಪ್ಪು ಇಟ್ಟು ಗುರುಗಳಿಗೆ ನಮಸ್ಕರಿಸಿದರು. ಕಲ್ಲಿನಾಥನಿಗೂ ಕೈಮುಗಿದರು.

"ನಿಮ್ಮಂಥವರಿಂದ ನಮ್ಮ ಇಲಾಖೆಗೆ ಒಂದು ಪಾಠವಾಯಿತು. ನಾನು ಇರುವ ತನಕ ಈ ಊರಿನಲ್ಲಿ ಅಂಥದು ನಡೆಯುವುದಿಲ್ಲ. ನಿಮ್ಮ ಆಶೀರ್ವಾದ ಬೇಕು."

ಗುರುಗಳು ಆಶೀರ್ವಾದ ಮಾಡಿದರು. ಹಣ್ಣು ಸುಲಿದು ಅವರಿಗೇ ಒಂದು ಕೊಟ್ಟರು. ಫೌಜದಾರರು ಅಲ್ಲೇ ತಿಂದು, ಸಿಪ್ಪೆಯನ್ನು ತಾವೇ ಎತ್ತಿಕೊಂಡು ಹೊರಟರು.

ಅವರು ಮರಗಳಾಚೆ ಮರೆಯಾಗುವ ತನಕ ಕಲ್ಲಿನಾಥ ನೋಡುತ್ತ ನಿಂತ. ಎಷ್ಟೋ ದಿನಗಳ ಮೇಲೆ ಅವನ ಎದೆ ಹಗುರಾಗಿತ್ತು.

"ಒಳ್ಳೆಯ ಮನುಷ್ಯ, ಗುರುಗಳೇ. ಕಣ್ಣಿನಲ್ಲೇ ಗೊತ್ತಾಗುತ್ತದೆ. ಇನ್ನು ನಾವು ನಿಶ್ಚಿಂತೆಯಿಂದ ಪಾಠಕ್ಕೆ ಕೂರಬಹುದು."

"ನನಗೂ ಒಳ್ಳೆಯವರೆಂದೇ ಕಂಡಿತು," ಎಂದರು ನಿರ್ವಾಣಯ್ಯ. "ಠಾಣೆಯಲ್ಲಿ ಇವತ್ತು ಯಾರನ್ನು ಕೂಡಿಹಾಕಿದ್ದಾರೆ, ಹೋಗಿ ನೋಡಿಕೊಂಡು ಬಾ."