ಹಸಿವು ಮುದ್ರೆ

“ಕೇಳ್ರಪ್ಪೋ ಕೇಳಿ! ಅರಸರ ಎಂಟಂತಸ್ತಿನ ಪಾರ್ಕಿಂಗ್ ಕಟ್ಟಡಕ್ಕೆ ಹಸಿವು ಮುದ್ರೆ ಬೇಕಾಗಿದೆ! ಯುವರಾಣಿಯ ಮೂರು ಒಗಟು ಬಿಡಿಸಿದವನ ಕೈಗೆ ಮುದ್ರೆ, ಜೊತೆಗೆ ಯುವರಾಣಿ! ತಪ್ಪಿದವನ ತಲೆ ನೆಲಕ್ಕೆ!”

ಡಂಗುರದ ಮುದುಕನಿಗೆ ಹಲ್ಲಿರಲಿಲ್ಲ. ‘ಹಸಿರು’ ಅನ್ನಲು ಹೋಗಿ ‘ಹಸಿವು’ ಅಂದುಬಿಟ್ಟ. ಊರೆಲ್ಲ ನಕ್ಕಿತು. ಪಂಕ್ಚರ್ ಅಂಗಡಿಯ ಜಡಿಯ ಮಾತ್ರ ನಗಲಿಲ್ಲ. ‘ಪರಿಸರಕ್ಕೆ ಒಳ್ಳೇದು’ ಅನ್ನೋ ಹಸಿರು ಮುದ್ರೆ ಬಿದ್ದ ಕಟ್ಟಡದ ಒಡೆಯ ಇನ್ನೊಂದು ತೋಪು ಕಡಿಯಬಹುದು ಅಂತ ಆ ರಾಜ್ಯದ ಕಾಯಿದೆ. ಉಳಿದದ್ದು ಒಂದೇ, ಹುಣಸೆತೋಪು. ಜಡಿಯನ ಅಂಗಡಿ ಅಲ್ಲೇ, ಅವನ ಅವ್ವನನ್ನು ಮಣ್ಣು ಮಾಡಿದ್ದೂ ಅಲ್ಲೇ.

ಮೊದಲು ಸೇನಾಪತಿಯ ಮಗ ನಿಂತ. ಯುವರಾಣಿ ಕುಂದಲದೇವಿ ಕೇಳಿದಳು: “ಸಾವಿರ ಜನ ಮಲಗುವ ಮನೆ. ಒಲೆಯಿಲ್ಲ, ತೊಟ್ಟಿಲಿಲ್ಲ, ಗೊರಕೆಯಿಲ್ಲ...”

“ಸ್ಮಶಾನ!” ಅಂತ ಕೂಗೇಬಿಟ್ಟ.

“ಪೂರ್ತಿ ಕೇಳಬಾರದಾ? ಬೆಳಿಗ್ಗೆ ಬಂದು ಸಂಜೆ ಎದ್ದು ಹೋಗ್ತಾರೆ.”

ಉತ್ತರ ತಪ್ಪಾಯಿತು, ತಲೆ ಉರುಳಿತು. ಪಾಪ, ಅವನು ಹೋದದ್ದು ಮಾತ್ರ ಅಲ್ಲಿಗೇ.

ಮಂತ್ರಿಯ ಮಗ ಮೊದಲನೆಯದಕ್ಕೆ ‘ಪಾರ್ಕಿಂಗ್ ಕಟ್ಟಡ’ ಅಂದು ಗೆದ್ದ. “ಮೈಯೆಲ್ಲ ಹಸಿರು, ಮೇಕೆ ಮೂಸಿಯೂ ನೋಡಲ್ಲ. ಏನದು?” ಅಂದಾಗ ಮೀಸೆ ತಿರುವಿ “ಗಿಳಿ” ಅಂದ. ಈ ಸಲ ಯಾರೂ ನಗಲಿಲ್ಲ. ಕತ್ತಿಯಿಂದ ಇನ್ನೂ ರಕ್ತ ತೊಟ್ಟಿಕ್ಕುತ್ತಿತ್ತು; ಅವನ ತಲೆಯೂ ಉರುಳಿತು.

ಜಡಿಯ ಗ್ರೀಸಿನ ಕೈ ಒರೆಸಿಕೊಂಡು ಮುಂದೆ ಬಂದ.

“ಮೊದಲನೆಯದು ಪಾರ್ಕಿಂಗ್ ಕಟ್ಟಡವೇ, ತಾಯಿ. ಮಲಗೋರು ಕಾರುಗಳು. ಎರಡನೆಯದು ಅದರ ಗೋಡೆಗೆ ಬಳಿದ ಬಣ್ಣ. ನಮ್ಮ ಮೇಕೆ ಹೋಗಿ ನೋಡಿ, ಸೀನಿ ವಾಪಸು ಬಂತು.”

“ಮೂರನೆಯದು. ಹೊಟ್ಟೆ ಹಿಗ್ಗಿಸಿದಷ್ಟೂ ಹೆಚ್ಚು ಬಯಸುವುದು ಯಾವುದು? ಅದರೊಳಗೆ ಇರುವುದೇನು?”

ಆಗ ಜಡಿಯನಿಗೆ ಹಲ್ಲಿಲ್ಲದ ಮುದುಕನ ಮಾತು ನೆನಪಾಯಿತು.

“ಅದೂ ಈ ಕಟ್ಟಡವೇ. ಇದು ಏಳೋ ಮೊದಲು ನನಗೆ ದಿನಕ್ಕೆ ಎರಡು ಪಂಕ್ಚರ್. ನಿಲ್ಲಿಸೋಕೆ ಜಾಗ ಸಿಗುತ್ತೆ ಅಂತ ನಡೆಯೋರೂ ಕಾರು ತಂದರು. ಈಗ ಇಪ್ಪತ್ತು. ಅದರೊಳಗಿರೋದು ಹಸಿವು, ತಾಯಿ. ಹಸಿರಲ್ಲ.”

ಅರಸ ಎದ್ದು ನಿಂತ. “ಎಲವೋ, ದೀಪವೆಲ್ಲ ಬಿಸಿಲಿನಿಂದಲೇ ಉರಿಯುತ್ತೆ ಕಣೋ!”

“ದೀಪ ಒಳ್ಳೇದೇ, ಬುದ್ಧಿ. ಮುದ್ರೆ ದೀಪಕ್ಕೆ ಒತ್ತಿ. ಕಟ್ಟಡಕ್ಕೆ ಯಾಕೆ?”

ಕುಂದಲದೇವಿ ಮುದ್ರೆಯನ್ನು ಅವನ ಅಂಗೈಯಲ್ಲಿಟ್ಟಳು. “ಮೂರೂ ಸರಿ. ಇನ್ನು ನಾನು?”

“ಬೇಡ ತಾಯಿ. ಎರಡು ತಲೆ ಉರುಳಿದ್ದು ನೋಡಿದೆ. ಪಕ್ಕದಲ್ಲಿ ನೀವಿದ್ದರೆ ನನಗೆ ನಿದ್ದೆ ಹತ್ತಲ್ಲ. ಅವರಿಬ್ಬರಿಗೆ ತೋಪಿನಲ್ಲಿ ಒಂದಿಷ್ಟು ಜಾಗ ಕೊಡಿ, ಸಾಕು.”

ಅರಸ ಮಾತಿಗೆ ತಪ್ಪಲಿಲ್ಲ. ಕಟ್ಟಡಕ್ಕೆ ಮುದ್ರೆ ಬೀಳಲಿಲ್ಲ, ತೋಪು ಉಳಿಯಿತು. ಅವ್ವನ ಪಕ್ಕ ಎರಡು ಹೊಸ ಗುಂಡಿ ಮುಚ್ಚಿದ ಮೇಲೆ ಜಡಿಯ ಮುದ್ರೆಯನ್ನು ಹುಣಸೆಮರದ ಬೊಡ್ಡೆಗೆ ಒತ್ತಿದ. ಮಧ್ಯಾಹ್ನ ಮೂರಕ್ಕೆಲ್ಲ ಎಂಟಂತಸ್ತಿನ ನೆರಳು ಬಂದು ಅದನ್ನು ಮುಚ್ಚಿತು.