ದೀಪ ಬಿಡದ ಹಗೇವು

“ಗುರುಗಳೇ, ಲೋಕಕ್ಕೆ ಹೆದರಿ ಓಡಿಬಂದು ಈ ಮಠ ಸೇರಿದೆ. ಇನ್ನು ನನಗೆ ಭಯವಿಲ್ಲ ತಾನೇ?” ಎಂದು ಶಿಷ್ಯನೊಬ್ಬ ಕೇಳಿದ.

“ಅಬ್ಬಾ, ಎಷ್ಟು ಸುಲಭವಾಗಿ ಮುಗಿಸಿಬಿಟ್ಟೆಯಪ್ಪ! ಕೂತುಕೋ” ಎಂದ ಗುರುಗಳು ಕತೆ ತೆಗೆದರು.

ಸಿಡುಬು ಇನ್ನೂ ಊರೂರು ಅಲೆಯುತ್ತಿದ್ದ ಕಾಲ. ಶಾಲೆಗಳಿಗೆ ಒಬ್ಬ ದಾದಿ ಬರುತ್ತಿದ್ದಳು. ಸಿಡುಬು ತಗಲದಂತೆ ಮಕ್ಕಳ ತೋಳಿಗೆ ದಾಕು ಚುಚ್ಚುವುದು ಅವಳ ಕೆಲಸ. ಆ ದಿನ ಶಾಲೆಗೆ ಬಾರದ ಮಕ್ಕಳನ್ನು ಮನೆಗೇ ಹುಡುಕಿಕೊಂಡು ಹೋಗುತ್ತಿದ್ದಳು.

ಒಂದು ಊರಿನಲ್ಲಿ ಒಬ್ಬ ತಾಯಿ. ಅವಳಿಗೆ ಒಬ್ಬನೇ ಮಗ. ಮೊದಲೇ ಅಂಜುಬುರುಕಿ. ಹೆದರಿದವರ ಮೇಲೆ ಹಾವು ಎಸೆದ ಹಾಗೆ ನೆರೆಯವಳು ಬಂದು, “ದಾಕು ಚುಚ್ಚಿದರೆ ಕೈ ಕೊಳೆಯುತ್ತದಂತೆ ಕಣೇ. ಆಚೆ ಊರಲ್ಲಿ ಮಗುವೇ ಉಳಿಯಲಿಲ್ಲವಂತೆ” ಎಂದಳು. ತಾಯಿಗೆ ಅಷ್ಟೇ ಸಾಕಾಯಿತು. ದಾದಿ ಬರುವ ದಿನ ಮಗನನ್ನು ಶಾಲೆಗೆ ಕಳಿಸಲಿಲ್ಲ.

ದಾದಿ ಬೀದಿಯ ತುದಿಯಲ್ಲಿ ಕಂಡೊಡನೆ ತಾಯಿ ಅಂಗಳದ ಹಗೇವಿನ ಬಾಯಿಕಲ್ಲು ಸರಿಸಿದಳು. ಹಗೇವು ಎಂದರೆ ನೆಲದೊಳಗೆ ರಾಗಿ ತುಂಬಿಡುವ ಗುಂಡಿ. ಮಗನ ಸೊಂಟಕ್ಕೆ ಹಗ್ಗ ಕಟ್ಟಿ ಒಳಗೆ ಇಳಿಸಿ, “ಏನೇ ಆಗಲಿ, ಅಳಬೇಡ, ಕೂಗಬೇಡ” ಎಂದು ಆಣೆ ಹಾಕಿಸಿದಳು. ಹಗ್ಗದ ತುದಿ ಹೊರಗೇ ಬಿಟ್ಟು ಬಾಯಿಕಲ್ಲನ್ನು ಅರ್ಧ ಎಳೆದಳು.

ದಾದಿ ಬಂದು, “ಮಗು ಎಲ್ಲಮ್ಮ?” ಎಂದಳು.

“ಅಜ್ಜಿ ಊರಿಗೆ ಹೋಗಿದ್ದಾನೆ.”

ದಾದಿ ನೀರು ಕೇಳಿ ಜಗುಲಿಯ ಮೇಲೆ ಕುಳಿತಳು. ಈಗ ಅತ್ತಾನು, ಇನ್ನೇನು ಅತ್ತಾನು ಎಂದು ತಾಯಿಯ ಕಿವಿಯೆಲ್ಲ ಹಗೇವಿನ ಕಡೆಗೇ. ಮಗು ಅಳಲಿಲ್ಲ. ನನ್ನ ಬಂಗಾರ, ಎಷ್ಟು ಜಾಣ ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಅಷ್ಟರಲ್ಲಿ ಅವಳ ಅತ್ತೆ ಹೊಲದಿಂದ ಬಂದಳು. “ಹಗೇವು ತೆಗೆದವರು ಯಾರು? ದೀಪ ಬಿಟ್ಟು ನೋಡಿದೆಯೇನೇ?”

ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಮೊದಲು ದೀಪ ಇಳಿಬಿಡಬೇಕು, ಅದು ಆರದಿದ್ದರೆ ಮಾತ್ರ ಮನುಷ್ಯರು ಇಳಿಯಬೇಕು. ಆ ಊರಿನ ಎಳೆಮಕ್ಕಳಿಗೂ ಇದು ಗೊತ್ತು. ತಾಯಿಗೂ ಗೊತ್ತಿತ್ತು. ಸೂಜಿಯ ಭಯದಲ್ಲಿ ಮರೆತುಬಿಟ್ಟಿದ್ದಳು.

“ಅಯ್ಯೋ, ನನ್ನ ಮಗ!” ಎಂದು ಚೀರಿ ಹಗ್ಗಕ್ಕೆ ಕೈಹಾಕಿದಳು. ಮೂವರೂ ಸೇರಿ ಎಳೆದರು. ಮಗು ಒದ್ದೆ ಬಟ್ಟೆಯಂತೆ ಜೋತುಬಿದ್ದು ಮೇಲೆ ಬಂತು. ದಾದಿ ಅದನ್ನು ಅಂಗಳದಲ್ಲಿ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಮತ್ತೆ ಊದಿದಳು. ಅಳಬೇಡ ಎಂದು ಆಣೆ ಹಾಕಿಸಿದ್ದ ತಾಯಿ ಅದರ ಕಾಲು ಹಿಡಿದು, “ಅಳು ಕಂದಾ, ಒಂದು ಸಲ ಅಳು” ಎಂದು ಗೋಗರೆಯುತ್ತಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಮಗು ಅತ್ತಿತೇ ಗುರುಗಳೇ?”

“ಅತ್ತಿತು. ಹಗ್ಗದ ತುದಿ ಹೊರಗಿತ್ತು, ಕೇಳುವವಳೊಬ್ಬಳು ಬಂದಳು, ಆ ತಾಯಿಯ ಪುಣ್ಯ” ಎಂದ ಗುರುಗಳು ಶಿಷ್ಯನ ಮುಖವನ್ನೇ ನೋಡಿದರು.

“ನೀನು ಈ ಮಠಕ್ಕೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡಿದ್ದೆಯೇನಪ್ಪ?”